ಕುಂದೂರು ಬಸ್ಸಿನ ಕುರ್ಚಿ

ತೊಂಬತ್ತರ ದಶಕದಲ್ಲಿ ಸಕಲೇಶಪುರದ ಸುದ್ದಿ ಹಾಸನಕ್ಕೆ ಬಸ್ಸಿನಲ್ಲಿ ಹೋಗುತ್ತಿತ್ತು. ಈಗಷ್ಟೇ ಈ ಕೆಲಸಕ್ಕೆ ಸೇರಿದ ತರುಣರಿಗೆ ಹೇಳಿದರೆ ನಗುತ್ತಾರೆ. ಬರೆದ ಹಾಳೆಗಳನ್ನೂ ಫೋಟೋ ಇದ್ದರೆ ಫಿಲಂ ರೋಲನ್ನೂ ಕವರಿಗೆ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ 'ತುರ್ತು ಸುದ್ದಿ' ಎಂದು ಬರೆದು ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಹಾಸನದ ನಿಲ್ದಾಣದಲ್ಲಿ ನಮ್ಮ ಕಚೇರಿಯ ಅಟೆಂಡರ್ ಕಾದಿದ್ದು ಇಸಿದುಕೊಳ್ಳುತ್ತಿದ್ದ. ನನ್ನದು ಹಾಸನದಿಂದ ಬರುತ್ತಿದ್ದ ಒಂದು ಜಿಲ್ಲಾ ಪತ್ರಿಕೆ. ಸಕಲೇಶಪುರ ತಾಲೂಕಿಗೆ ನಾನು ವರದಿಗಾರ. ಆಲೂರಿಗೆ ಯಾರೂ ಸಿಗದ ವರ್ಷಗಳಲ್ಲಿ ಅದನ್ನೂ ನಾನೇ ನೋಡಿಕೊಳ್ಳುತ್ತಿದ್ದೆ.

ನನ್ನ ಕವರ್ ಹೋಗುತ್ತಿದ್ದುದು ಕುಂದೂರು ಬಸ್ಸಿನಲ್ಲಿ. ಖಾಸಗಿ ಬಸ್ಸು. ಸಕಲೇಶಪುರದಿಂದ ಹೊರಟು, ಬಾಳ್ಳುಪೇಟೆಯಲ್ಲಿ ಹೆದ್ದಾರಿ ಬಿಟ್ಟು, ಕುಂದೂರು ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ಆಲೂರಿನ ಮೇಲೆ ಹಾಸನ ಸೇರುತ್ತಿತ್ತು. ಹೆದ್ದಾರಿಯಲ್ಲಿ ನೇರ ಹೋಗುವ ಬಸ್ಸುಗಳು ಬೇಕಾದಷ್ಟಿದ್ದರೂ ನಾನು ಇದಕ್ಕೇ ಕೊಡುತ್ತಿದ್ದೆ. ಅದಕ್ಕೆ ಕಾರಣ ಕಂಡಕ್ಟರ್ ನಂಜಪ್ಪ. ಮಳೆಗಾಲದಲ್ಲಿ ಬಸ್ಸಿನ ಟಾಪು ಸೋರುತ್ತಿತ್ತು. ಆಗ ಅವನು ನನ್ನ ಕವರನ್ನು ಅಂಗಿಯೊಳಗೆ ಇಟ್ಟುಕೊಂಡು ಒಯ್ಯುತ್ತಿದ್ದ. ನನ್ನ ಎಷ್ಟೋ ವರದಿಗಳು ಅವನ ಬೆವರಿನ ವಾಸನೆಯೊಂದಿಗೆ ಸಂಪಾದಕರ ಮೇಜು ತಲುಪಿವೆ.

ನಂಜಪ್ಪ ಸುದ್ದಿಯನ್ನಷ್ಟೇ ಸಾಗಿಸುತ್ತಿರಲಿಲ್ಲ. ಔಷಧಿ, ಊಟದ ಕ್ಯಾರಿಯರ್, ರಿಪೇರಿಗೆ ಹೊರಟ ರೇಡಿಯೊ, ಕಾಫಿ ಸಸಿ, ಬಾಣಂತಿಗೆ ಕಳಿಸಿದ ತುಪ್ಪ. ಯಾವುದರ ಮೇಲೂ ಚೀಟಿ ಇರುತ್ತಿರಲಿಲ್ಲ. "ಕ್ರಾಸ್ನಲ್ಲಿ ನಮ್ ಭಾವ ನಿಂತಿರ್ತಾನೆ, ಕೊಟ್ಬುಡು" ಎಂದರೆ ಸಾಕು, ಭಾವನ ಕೈ ಸೇರುತ್ತಿತ್ತು. ಪ್ರಯಾಣಿಕರಲ್ಲೂ ಒಂದು ಕಟ್ಟುಪಾಡಿತ್ತು. ಎಷ್ಟೇ ನೂಕುನುಗ್ಗಲಿದ್ದರೂ ಇನ್ನೊಬ್ಬರಿಗೆಂದು ಹೊರಟ ಸಾಮಾನನ್ನು ಯಾರೂ ಮುಟ್ಟುತ್ತಿರಲಿಲ್ಲ, ಸರಿಸುತ್ತಲೂ ಇರಲಿಲ್ಲ.

ಕಚೇರಿಯಲ್ಲಿ ನನ್ನ ಬರಹಕ್ಕೆ ಕತ್ತರಿ ಹಾಕುತ್ತಿದ್ದವರು ಸುದ್ದಿ ಸಂಪಾದಕ ವಾಸುದೇವಮೂರ್ತಿ. "ನೋಡಿದ್ದು ಬರಿ, ಅನ್ನಿಸಿದ್ದು ಮನೇಲಿಟ್ಕೋ" ಎನ್ನುವುದು ಅವರ ಮಾತು. ಒಮ್ಮೆ ನಾನು ಎಸ್ಟೇಟಿಗೆ ನುಗ್ಗಿದ ಆನೆಗಳ ವರದಿಯಲ್ಲಿ "ಸುಮಾರು ಎಂಟು ಆನೆಗಳು" ಎಂದು ಬರೆದಿದ್ದೆ. ಅವರು ಫೋನ್ ಮಾಡಿದರು.

"ಸುಮಾರು ಯಾಕೆ? ನಿಂತು ಎಣಿಸೋಕಾಗಲಿಲ್ವಾ?"

"ನಿಂತಿದ್ರೆ ಸುದ್ದಿ ಬೇರೆಯವರು ಬರೀಬೇಕಾಗಿತ್ತು ಸಾರ್."

ಅವರು ನಗಲಿಲ್ಲ. ಆದರೆ ಮರುದಿನದ ಪತ್ರಿಕೆಯಲ್ಲಿ 'ಸುಮಾರು' ಉಳಿದಿತ್ತು.

ಪಕ್ಕದ ತಾಲೂಕಿನ ವರದಿಗಾರನೊಬ್ಬ ಮಂತ್ರಿಗಳ ಕಾರ್ಯಕ್ರಮದ ವರದಿಯನ್ನು ಬೆಳಿಗ್ಗೆಯೇ ಬರೆದು ಬಸ್ಸಿಗೆ ಹಾಕಿದ್ದ. ಮಂತ್ರಿಗಳ ಕಾರು ಘಾಟಿಯ ಮಣ್ಣು ಕುಸಿತದಲ್ಲಿ ಸಿಕ್ಕಿಬಿದ್ದು ಅವರು ಬರಲೇ ಇಲ್ಲ. ಪತ್ರಿಕೆಯಲ್ಲಿ ಮಾತ್ರ ಅವರು ದೀಪ ಬೆಳಗಿದರು, ರೈತರ ಕಷ್ಟಕ್ಕೆ ಕಣ್ಣೀರನ್ನೂ ಒರೆಸಿಕೊಂಡರು. ಮೂರ್ತಿಗಳು ಆ ವರದಿಯನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಚುಚ್ಚಿದರು. ಅದು ಹಳದಿಯಾಗಿ ಉದುರುವವರೆಗೂ ಅಲ್ಲೇ ಇತ್ತು. ಇಂಥವರ ಕೈಕೆಳಗೆ ಕಲಿತವನು ನಾನು. ಆದ್ದರಿಂದ ಶೈಲಜಾ ಮೊದಲ ಸಲ ಸಕಲೇಶಪುರದ ನನ್ನ ಬರೆಯುವ ಕೋಣೆಗೆ ಬಂದಾಗ ಪೆನ್ನು ತೆಗೆಯಲು ತಡಮಾಡಿದೆ.

ಶೈಲಜಾ ಬಾಳ್ಳುಪೇಟೆಯ ಹಾರ್ಡ್‌ವೇರ್ ಅಂಗಡಿಯ ಶಿವಲಿಂಗಪ್ಪನವರ ಮಗಳು. ಮೈಸೂರಿನಲ್ಲಿ ಚಿತ್ರಕಲೆ ಓದಿ ಊರಿಗೆ ಮರಳಿದ್ದಳು. ಜೊತೆಯಲ್ಲಿ ಓದಿದ ಒಂದಿಬ್ಬರು ಗೆಳತಿಯರು ಆಗಾಗ ಬಂದುಹೋಗುತ್ತಿದ್ದರು. ಅವಳು ಮೇಜಿನ ಮೇಲೆ ಒಂದು ಆಮಂತ್ರಣ ಇಟ್ಟಳು. 'ಪ್ರದರ್ಶನ: ಕಾಫಿ ಒಣಗುವುದು. ಸ್ಥಳ: ಎಸ್ಟೇಟಿನ ಕಣ. ಸಮಯ: ಬಿಸಿಲು ಬಂದಾಗಿನಿಂದ ಹೋಗುವವರೆಗೆ.'

ವರದಿಗಾರನ ಅಭ್ಯಾಸ. "ಉದ್ಘಾಟಕರು ಯಾರಮ್ಮ?" ಎಂದು ಕೇಳಿದೆ.

"ಬಿಸಿಲೇ ಸಾರ್."

"ಅಧ್ಯಕ್ಷತೆ?"

"ಮೋಡ ಬರದೇ ಇದ್ರೆ ಸಾಕು."

ಹೋದೆ. ನಾಲ್ಕಾರು ಜನ ಸೇರಿದ್ದೆವು. ಹೆಂಗಸರು ಎಂದಿನಂತೆ ಹಲಗೆ ಕೋಲಿನಿಂದ ಕಾಫಿ ಎಳೆಯುತ್ತಿದ್ದರು. ನಾವು ಕಣದ ಅಂಚಿನಲ್ಲಿ ಸುಮ್ಮನೆ ಕುಳಿತು ನೋಡಬೇಕಿತ್ತು, ಅಷ್ಟೇ. ಒಬ್ಬಾಕೆ ಕೆಲಸ ನಿಲ್ಲಿಸದೆಯೇ ಕೇಳಿದಳು: "ಏನ್ ಸಾ, ನಾವ್ ಕಾಫಿ ಕದ್ಬುಡ್ತೀವಿ ಅಂತ ಕಾಯಕ್ಕೆ ಕೂರಿಸವ್ರಾ ನಿಮ್ಮನ್ನ?" ಎಲ್ಲರೂ ನಕ್ಕರು. ಕೋಲು ಎಳೆದಂತೆ ಕಣದ ತುಂಬ ಗೆರೆಗಳು ಏಳುತ್ತಿದ್ದವು, ಅಡ್ಡ ಎಳೆದಾಗ ಅಳಿಸಿಹೋಗುತ್ತಿದ್ದವು. ಹುಟ್ಟಿದಾಗಿನಿಂದ ಕಣಗಳ ನಡುವೆ ಓಡಾಡಿದ ನಾನು ಅದನ್ನು ಕುಳಿತು ನೋಡಿದ್ದು ಅದೇ ಮೊದಲು.

ಹಿಂದಿರುಗುವಾಗ ಶೈಲಜಾ ವಿವರಿಸಿದಳು. ಅರವತ್ತರ ದಶಕದಲ್ಲಿ ಅಮೆರಿಕ, ಯುರೋಪು, ಜಪಾನುಗಳ ಕೆಲವು ಕಲಾವಿದರು ಹೀಗೆ ಯೋಚಿಸಿದ್ದರಂತೆ. ಅದಕ್ಕೆ ಫ್ಲಕ್ಸಸ್ ಎಂದು ಹೆಸರು. ಚೌಕಟ್ಟು, ಗ್ಯಾಲರಿ, ಸಹಿ ಯಾವುದೂ ಬೇಡ. ಒಂದು ಲೋಟ ನೀರು ಸುರಿಯುವುದು, ಬಾಗಿಲು ತೆರೆಯುವುದು ಇವೂ ಕಲೆಯಾಗಬಹುದು. ಬದುಕಿಗೂ ಕಲೆಗೂ ನಡುವೆ ಗೋಡೆ ಇರಬಾರದು. "ಗೋಡೆ ಇಲ್ಲ ಅಂದ್ಮೇಲೆ ನೀವು ಕಲಾವಿದರು ಯಾಕೆ ಬೇಕು?" ಎಂದೆ. ಅವಳು "ಅದನ್ನೇ ನಾನೂ ಕೇಳ್ಕೊಳ್ತಿದೀನಿ ಸಾರ್" ಎಂದಳು.

ಮೂರ್ತಿಗಳು ಆ ವರದಿಯನ್ನು ಹಾಕಲಿಲ್ಲ. "ಕಾಫಿ ಒಣಗಿತು ಅನ್ನೋದು ಸುದ್ದಿಯಲ್ಲ. ಒಣಗದೇ ಇದ್ರೆ ಬರಿ" ಎಂದರು.

ಆ ಬೇಸಗೆಯಲ್ಲೇ ಅವಳು ಕುರ್ಚಿಯ ಕೆಲಸ ಶುರುಮಾಡಿದಳು. ತನ್ನ ಕೃತಿಗಳನ್ನೆಲ್ಲ ಅವಳು 'ಕೆಲಸ' ಎಂದೇ ಕರೆಯುತ್ತಿದ್ದಳು. ಅಪ್ಪನ ಅಂಗಡಿಯಲ್ಲಿದ್ದ, ಬೆತ್ತ ಹೆಣೆದ ಹಳೆಯ ಮರದ ಕುರ್ಚಿಯನ್ನು ಬಾಳ್ಳುಪೇಟೆಯಲ್ಲಿ ಕುಂದೂರು ಬಸ್ಸಿನ ಬಾಗಿಲಿಗೆ ತಂದಳು. ಆ ದಿನ ನಾನೂ ಬಸ್ಸಿನಲ್ಲಿದ್ದೆ.

"ಯಾರಿಗ್ ಕೊಡ್ಬೇಕು ತಾಯಿ?" ಎಂದ ನಂಜಪ್ಪ.

"ಯಾರಿಗೂ ಬೇಡ. ಸಂಜೆ ವಾಪಸ್ ಬರುವಾಗ ಇಲ್ಲೇ ಇಳಿಸಿ. ನಾಳೆ ಮತ್ತೆ ತರ್ತೀನಿ."

"ಯಾರೂ ಇಸ್ಕೊಳ್ದಿರೋ ಸಾಮಾನು ನಾನ್ ಇದುವರ್ಗೂ ಒಯ್ದಿಲ್ಲ ಕಣವ್ವ. ಏನಿದು, ಹರಕೆನಾ?"

"ಹಾಗೇ ಅಂದ್ಕೊಳ್ಳಿ."

ಹರಕೆಗೆ ಇಲ್ಲ ಎನ್ನುವುದು ಹೇಗೆ? ನಂಜಪ್ಪ ಕುರ್ಚಿ ಹತ್ತಿಸಿಕೊಂಡ.

ಮುಂದಿನ ಕೆಲವು ದಿನ ನಡೆದದ್ದನ್ನು ಶೈಲಜಾ ಕೂಡ ಊಹಿಸಿರಲಿಲ್ಲ. ಬಸ್ಸು ಕಿಕ್ಕಿರಿದಿರುತ್ತಿತ್ತು. ಜನ ಒಂಟಿ ಕಾಲಲ್ಲಿ ನಿಂತು ನೇತಾಡುತ್ತಿದ್ದರು. ನಡುವೆ ಕುರ್ಚಿ ಖಾಲಿಯಾಗಿ ಹೋಗುತ್ತಿತ್ತು. ಯಾರೋ ಯಾರಿಗೋ ಕಳಿಸಿದ ಸಾಮಾನು, ಅದರ ಮೇಲೆ ಕೂರುವುದು ಹೇಗೆ? ಆಲೂರು ಕಡೆಯ ಮದುವೆ ಮನೆಯದು ಎಂದು ಒಬ್ಬರು, ಕುಂದೂರಿಗೆ ಹೊಸದಾಗಿ ಬಂದ ಮೇಷ್ಟರದು ಎಂದು ಇನ್ನೊಬ್ಬರು. ಮೇಷ್ಟರು ಯಾಕೆ ಒಂದೇ ಕುರ್ಚಿಯನ್ನು ದಿನಾ ತರಿಸಿ ದಿನಾ ವಾಪಸ್ ಕಳಿಸುತ್ತಾರೆ ಎಂದು ಯಾರೂ ಕೇಳಲಿಲ್ಲ.

ಆ ಕುರ್ಚಿಯಲ್ಲಿ ಮೊದಲು ಕುಳಿತವಳು ಜವರಮ್ಮ. ಕುಂದೂರಿನ ಹತ್ತಿರದ ಹಳ್ಳಿಯ ಮುದುಕಿ. ದಿನವೂ ಆಲೂರಿಗೆ ಹೋಗಿ ವೀಳ್ಯದೆಲೆ ಮಾರುತ್ತಿದ್ದಳು.

"ಅಜ್ಜಿ, ಅದು ಯಾರ್ದೋ ಕಣಜ್ಜಿ" ಎಂದು ಯಾರೋ ತಡೆದರು.

"ಯಾರ್ದಾದ್ರೂ ಆಗ್ಲಿ ಮಾರಾಯ, ಕೂರಕ್ಕೆ ತಾನೆ ಮಾಡಿರೋದು? ನಾನೇನು ಕಚ್ಕೊಂಡ್ ತಿಂತೀನಾ?"

ಅಲ್ಲಿಗೆ ಕಟ್ಟುಪಾಡು ಮುರಿಯಿತು. ಜವರಮ್ಮ ಇಳಿದ ಮೇಲೆ ಬಸುರಿಯೊಬ್ಬಳು, ಅವಳ ನಂತರ ಕಾಲಿಗೆ ಪಟ್ಟಿ ಕಟ್ಟಿಕೊಂಡವನು. ಯಾರು ಕೂರಬೇಕೆಂದು ಬಸ್ಸೇ ತೀರ್ಮಾನಿಸುತ್ತಿತ್ತು. ಗಟ್ಟಿಮುಟ್ಟಾದವನು ಕುಳಿತರೆ, "ಏನಣ್ಣ, ಎಷ್ಟ್ ತಿಂಗ್ಳು?" ಎಂದು ಹಿಂದಿನಿಂದ ಯಾರಾದರೂ ಕೇಳುತ್ತಿದ್ದರು. ಅವನು ಎದ್ದುಬಿಡುತ್ತಿದ್ದ.

ಒಂದು ತಿರುವಿನಲ್ಲಿ ಕುರ್ಚಿ ಜಾರಿ ಜವರಮ್ಮ ಎಲೆಯ ಬುಟ್ಟಿಯ ಸಮೇತ ಡ್ರೈವರ್ ಹತ್ತಿರ ಹೋಗಿ ಕುಳಿತಳು. ಪೆಟ್ಟಾಗಲಿಲ್ಲ. ಮರುದಿನ ನಂಜಪ್ಪ ತೆಂಗಿನ ಹಗ್ಗ ತಂದು ಕುರ್ಚಿಯನ್ನು ಕಂಬಕ್ಕೆ ಬಿಗಿದ.

ನಾನು ಆ ಹೊತ್ತಿಗೆ ಫೋಟೋ ತೆಗೆದೆ. ಕುರ್ಚಿಯಲ್ಲಿ ಜವರಮ್ಮ, ಸುತ್ತ ನಿಂತ ಜನ, ಕಂಬಕ್ಕೆ ಹಗ್ಗ. ಜೊತೆಗೆ ಶೈಲಜಾಳ ವಿಚಾರಗಳನ್ನೂ ಬರೆದು ಕಳಿಸಿದೆ. ಮೂರ್ತಿಗಳು ಬರಹವನ್ನು ಪೂರ್ತಿ ತೆಗೆದರು. ಫೋಟೋವನ್ನು ಮುಖಪುಟದಲ್ಲಿ ದೊಡ್ಡದಾಗಿ ಹಾಕಿ ಕೆಳಗೆ ಒಂದೇ ಸಾಲು ಬರೆದರು: 'ಕುಂದೂರು ಮಾರ್ಗದ ಬಸ್ಸಿನಲ್ಲಿ ವೃದ್ಧರಿಗೊಂದು ಹೆಚ್ಚುವರಿ ಆಸನ.'

ಶೈಲಜಾ ಪತ್ರಿಕೆ ಹಿಡಿದುಕೊಂಡು ಬಂದಳು. "ಸಾರ್, ಇದರಲ್ಲಿ ನಾನೆಲ್ಲಿ?"

"ಸಹಿ ಬೇಡ ಅಂದಿದ್ದೆಯಲ್ಲಮ್ಮ."

"ಸಹಿ ಬೇಡ ಅಂತ ನಾನು ಹೇಳ್ಬೇಕು ಸಾರ್, ನಿಮ್ಮ ಪೇಪರಲ್ಲ." ಕೋಪಕ್ಕಿಂತ ನೋವೇ ಹೆಚ್ಚಿತ್ತು. ಮಗಳು ಮಾಡುವುದೇನೆಂದು ಊರಿನಲ್ಲಿ ಒಬ್ಬರಿಗೂ ಹೇಳಲಾಗದೆ ಶಿವಲಿಂಗಪ್ಪನವರು ತಲೆತಗ್ಗಿಸಿ ಅಂಗಡಿಯಲ್ಲಿ ಕೂರುತ್ತಿದ್ದರು. ಒಮ್ಮೆ ಎಲ್ಲಾದರೂ ಅಚ್ಚಿನಲ್ಲಿ ಕಲೆ ಎಂದು ಬಂದರೆ ಸಾಕೆಂದು ಅವಳು ಕಾದಿದ್ದಳು.

ಫೋಟೋವನ್ನು ಎಲ್ಲರಿಗಿಂತ ಗಮನವಿಟ್ಟು ನೋಡಿದವರು ಬ್ರೇಕ್ ಇನ್ಸ್‌ಪೆಕ್ಟರ್. ವಾಹನಗಳ ಪರ್ಮಿಟ್ಟು, ಸೀಟು, ಬ್ರೇಕು ತಪಾಸಣೆ ಮಾಡುವ ಅಧಿಕಾರಿಯನ್ನು ನಮ್ಮ ಕಡೆ ಕರೆಯುವುದು ಹಾಗೆ. ಪರ್ಮಿಟ್ಟಿನಲ್ಲಿ ಇರುವುದಕ್ಕಿಂತ ಒಂದು ಸೀಟು ಹೆಚ್ಚು ಹಾಕಿದ್ದೀರಿ ಎಂದು ಅವರು ಮಾಲೀಕ ಗೌಡರಿಗೆ ತಿಳಿಸಿದರು. ವಿಚಾರಣೆ ಮುಗಿಯುವವರೆಗೆ ಬಸ್ಸು ಶೆಡ್ಡಿನಲ್ಲೇ ನಿಲ್ಲಬೇಕಾಯಿತು. ಗೌಡರು ಕೆಟ್ಟವರಲ್ಲ, ಆದರೆ ಇದ್ದದ್ದು ಒಂದೇ ಬಸ್ಸು. "ನನಗೆ ಗೊತ್ತಿಲ್ಲದಂಗೆ ಕಂಡಕ್ಟರ್ ಮಾಡಿದ್ದು, ಅವನನ್ನ ತೆಗೆದುಬಿಡ್ತೀನಿ" ಎಂದು ಹೇಳಿ ಪರ್ಮಿಟ್ ಉಳಿಸಿಕೊಳ್ಳಲು ಸಿದ್ಧರಾದರು.

ನಂಜಪ್ಪ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕುಳಿತಿದ್ದ. ಹುಡುಗನಾಗಿದ್ದಾಗ ಕ್ಲೀನರ್ ಆಗಿ ಬಸ್ಸು ಹತ್ತಿದವನು ಅವನು. ಬೇರೆ ಕೆಲಸ ತಿಳಿಯದು. ಹೆಗಲಿಗೆ ಚರ್ಮದ ಚೀಲವಿಲ್ಲದೆ ಅವನನ್ನು ನಾನು ನೋಡಿದ್ದು ಅದೇ ಮೊದಲು.

"ಹಗ್ಗ ಕಟ್ಟಿದ್ದೇ ತಪ್ಪಾಗೋಯ್ತಂತೆ ಸಾರ್. ಕಟ್ಟದೆ ಬುಟ್ಟಿದ್ರೆ ಮುದುಕಿ ಬಿದ್ದು ಸೊಂಟ ಮುರ್ಕೊಳ್ಳೋದು. ಆಗ ಅದ್ಕೂ ನಾನೇ ಹೊಣೆ."

ನಾನು ಇನ್ಸ್‌ಪೆಕ್ಟರ್ ಬಳಿ ಹೋದೆ. ವರದಿಗಾರನಾಗಿಯೇ ಹೋದೆ, ಶಿಫಾರಸಿಗಲ್ಲ. ಅವರು ಮೈಸೂರು ಕಡೆಯ, ತಾಳ್ಮೆಯ ಮನುಷ್ಯ. "ನೋಡಿ, ಲಗೇಜ್ ಆಗಿದ್ರೆ ನನಗೇನೂ ತಕರಾರಿಲ್ಲ. ಆದರೆ ಲಗೇಜಿಗೆ ಒಬ್ಬ ಪ್ಯಾಸೆಂಜರ್ ಇರ್ಬೇಕು. ಹೊರಗಿನವರು ಯಾರೋ ದಿನಾ ತಂದುಕೊಟ್ಟು, ಕಂಡಕ್ಟರ್ ಕಟ್ಟಿ, ಜನ ಕೂತ್ರೆ ಅದು ಸೀಟೇ" ಎಂದರು.

ಈ ಮಾತನ್ನು ನಂಜಪ್ಪನಿಗೆ ಹೇಳಿ, ಶೈಲಜಾಳಿಗೂ ಹಾಗೆಯೇ ತಿಳಿಸಿದೆ. ಅವಳು ಆಗಲೇ ಒಂದು ಹೇಳಿಕೆ ಬರೆದಿಟ್ಟುಕೊಂಡಿದ್ದಳು: ಕುರ್ಚಿ ತನ್ನದು, ಅದೊಂದು ಕಲಾಕೃತಿ, ಪೂರ್ತಿ ಹೊಣೆ ತನ್ನದೇ.

"ನಿಜ ಹೇಳಿದ್ರೆ ನಂಜಪ್ಪನ ಮೇಲೆ ಯಾಕೆ ಬರುತ್ತೆ ಸಾರ್? ನಾನು ಅವರಿಗೆ ಅರ್ಥ ಮಾಡಿಸ್ತೀನಿ."

ಸಲಹೆ ಕೊಡುವುದು ನನ್ನ ಕೆಲಸವಾಗಿರಲಿಲ್ಲ.

ವಿಚಾರಣೆ ನಡೆದದ್ದು ಸಕಲೇಶಪುರದ ಬಸ್ ಶೆಡ್ಡಿನಲ್ಲಿ. ಬಸ್ಸಿನ ಪಕ್ಕ ಕುರ್ಚಿಯನ್ನು ಇಳಿಸಿಟ್ಟಿದ್ದರು. ಗೌಡರು ಕೈಕಟ್ಟಿ ನಿಂತಿದ್ದರು, ನಂಜಪ್ಪ ಅವರಿಗಿಂತ ಸ್ವಲ್ಪ ಹಿಂದೆ. ಫೋಟೋ ತೆಗೆದವನೆಂದು ನನ್ನನ್ನೂ ಕರೆಸಿದ್ದರು. ಶೈಲಜಾ ಕೈಯಲ್ಲಿ ಹಾಳೆ ಹಿಡಿದು ನಿಂತಿದ್ದಳು. ಇನ್ಸ್‌ಪೆಕ್ಟರ್ ಇನ್ನೂ ಮಾತು ಶುರು ಮಾಡಿರಲಿಲ್ಲ, ಹೊರಗೆ ಗದ್ದಲ ಕೇಳಿಸಿತು. ಕುಂದೂರು ಕಡೆಯ ಏಳೆಂಟು ಜನ ಲಾರಿಯಲ್ಲಿ ಬಂದಿಳಿದಿದ್ದರು. ಮುಂದೆ ಜವರಮ್ಮ.

"ನನ್ ಕುರ್ಚಿನ ಯಾಕಪ್ಪ ಹಿಡ್ಕೊಂಡವ್ರೆ?" ಎಂದಳು.

ಇನ್ಸ್‌ಪೆಕ್ಟರ್ ತಲೆ ಎತ್ತಿದರು. "ನಿನ್ನ ಕುರ್ಚಿನಾ?"

"ನಂದೇ ಸ್ವಾಮಿ. ಮಂಡಿ ನೋವು, ನಿಲ್ಲಕ್ಕಾಗಲ್ಲ. ಹೋದ್ಕಡೆಗೆಲ್ಲ ತಗೊಂಡೋಯ್ತೀನಿ."

"ಬಾಳ್ಳುಪೇಟೆಯಲ್ಲಿ ಹತ್ತಿಸ್ತಾರೆ ಅಂತಾರಲ್ಲ?"

"ಮನೆ ಸೋರ್ತೈತೆ. ಅಂಗ್ಡಿಲಿ ಇಟ್ಟಿರ್ತೀನಿ."

"ಹಗ್ಗ ಯಾರು ಕಟ್ಟಿದ್ದು?"

"ನಾನೇ ಕಟ್ಟಿದ್ದು. ಬಿದ್ ಮುರಿದೋದ್ರೆ ನೀವ್ ಕೊಡುಸ್ತೀರಾ?"

ಜೊತೆಗೆ ಬಂದವರಲ್ಲಿ ಒಬ್ಬ, "ಹೂಂ ಸಾರ್, ಅಜ್ಜಿ ಭಾರಿ ಜಿಪುಣಿ. ನಮ್ಮನ್ನ ಕೂರಕ್ಕೆ ಬುಡೋದೇ ಇಲ್ಲ" ಎಂದ. ಗೌಡರು ಮುಖ ತಿರುಗಿಸಿಕೊಂಡರು. ಇನ್ಸ್‌ಪೆಕ್ಟರ್ ದಡ್ಡರಲ್ಲ. ಅವರು ಶೈಲಜಾಳ ಕಡೆ ತಿರುಗಿದರು.

"ಏನಮ್ಮ, ಕುರ್ಚಿ ನಿಮ್ಮದು, ಅದೊಂದು ಕಲೆ ಅಂತ ಕೇಳಿದೀನಿ. ಬರ್ಕೊಂಡೂ ಬಂದಿದೀರಿ. ಕೊಡಿ. ಕಲಾಕೃತಿ ಅಂತಲೇ ದಾಖಲೆ ಮಾಡ್ತೀನಿ. ನನಗೇನು ನಷ್ಟ?"

ಅಣಕವಿರಲಿಲ್ಲ ಅವರ ದನಿಯಲ್ಲಿ. ಅವಳ ಕೆಲಸವನ್ನು ಕಲೆ ಎಂದು ಬರೆದುಕೊಳ್ಳಲು ಒಬ್ಬ ಸರ್ಕಾರಿ ಅಧಿಕಾರಿ ಪೆನ್ನು ತೆರೆದು ಕುಳಿತಿದ್ದರು. ನಮ್ಮ ಪತ್ರಿಕೆ ಅಷ್ಟನ್ನೂ ಮಾಡಿರಲಿಲ್ಲ. ಶೈಲಜಾ ನಂಜಪ್ಪನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಜವರಮ್ಮ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡು, ಅವಳನ್ನು ಹಿಂದೆಂದೂ ಕಂಡೇ ಇಲ್ಲದವಳಂತೆ ನಿಂತಿದ್ದಳು.

ಶೈಲಜಾ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಇದು ಅಂಗಡಿ ಲೆಕ್ಕದ್ದು ಸಾರ್. ಕುರ್ಚಿ ಅಜ್ಜಿದೇ."

ಉಳಿದವನು ನಾನು. "ನೀವು ಪೇಪರಿನವರು, ನೀವೇನು ನೋಡಿದ್ರಿ?" ಎಂದರು ಇನ್ಸ್‌ಪೆಕ್ಟರ್. ಮೂವತ್ತು ವರ್ಷದ ಕೆಲಸದಲ್ಲಿ ನಾನು ಅಷ್ಟು ಎಚ್ಚರದಿಂದ ಉತ್ತರಿಸಿದ್ದು ಕಡಿಮೆ.

"ನಾನು ಫೋಟೋ ತೆಗೆದಾಗ ಕುರ್ಚಿಯಲ್ಲಿ ಕೂತಿದ್ದವರು ಇವರೇ" ಎಂದೆ. ಅದು ನಿಜ.

ಅವರು ಪ್ರಯಾಣಿಕರ ಸ್ವಂತ ಲಗೇಜ್ ಎಂದು ಬರೆದು ಮುಗಿಸಿದರು. ಏಳುತ್ತಾ ಜವರಮ್ಮನಿಗೆ ಹೇಳಿದರು: "ನಿನ್ನದು ಅಂದ್ಮೇಲೆ ಇಲ್ಲಿ ಬಿಟ್ಟು ಹೋಗಬಾರ್ದು. ಮನೆಗೇ ತಗೊಂಡು ಹೋಗು."

ಇದನ್ನು ಯಾರೂ ಯೋಚಿಸಿರಲಿಲ್ಲ. ಜವರಮ್ಮ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಕುರ್ಚಿಯ ಒಂದು ಕಡೆ ಹಿಡಿದು, "ಏಯ್ ಮಗ, ನೋಡ್ತಾ ನಿಂತ್ಕೊಂಡ್ಯಲ್ಲ, ಒಂದ್ ಕೈ ಹಾಕು" ಎಂದು ಶೈಲಜಾಳನ್ನು ಕರೆದಳು. ಇಬ್ಬರೂ ಸೇರಿ ಬಸ್ಸಿನ ಮೆಟ್ಟಿಲಿನವರೆಗೆ ಹೊತ್ತರು. ಗೌಡರು ಚರ್ಮದ ಚೀಲವನ್ನು ನಂಜಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಕುರ್ಚಿಯನ್ನು ಮೇಲಕ್ಕೆ ಎಳೆದುಕೊಂಡ. ಆಮೇಲೆ ಟಿಕೆಟ್ ಪುಸ್ತಕ ತೆಗೆದ.

"ಅಜ್ಜಿ, ಲಗೇಜ್ ಟಿಕೆಟ್ ತಗೋಬೇಕು."

"ಅಯ್ಯೋ ಇವನ್ ಮನೆ ಹಾಳಾಗ. ನಿನ್ ಕೆಲ್ಸ ಉಳ್ಸಿದ್ದಕ್ಕೇನೋ?"

"ಕೆಲ್ಸ ಉಳ್ಕಂಡೈತಲ್ಲ ಕಣಜ್ಜಿ, ಅದ್ಕೇ."

ಶೈಲಜಾ ಜೋರಾಗಿ ನಕ್ಕಳು. ಬಸ್ಸು ಶೆಡ್ಡಿನಿಂದ ಹೊರಟಿತು. ಕಿಟಕಿಯಲ್ಲಿ ಜವರಮ್ಮನ ತಲೆ ಕಾಣುತ್ತಿತ್ತು, ಉಳಿದವರಿಗಿಂತ ಒಂದಿಷ್ಟು ಎತ್ತರದಲ್ಲಿ. ಸೀಟುಗಳು ಬೇಕಾದಷ್ಟು ಖಾಲಿ ಇದ್ದರೂ ಅವಳು ಕುರ್ಚಿಯಲ್ಲೇ ಕುಳಿತಿದ್ದಳು.

"ಏನಮ್ಮ, ಇದನ್ನ ಬರೀಲಾ?" ಎಂದು ಶೈಲಜಾಳನ್ನು ಕೇಳಿದೆ.

"ಏನಂತ ಬರೀತೀರಿ ಸಾರ್?" ಅವಳ ನಗು ಇನ್ನೂ ನಿಂತಿರಲಿಲ್ಲ, ಕಣ್ಣು ಮಾತ್ರ ಒದ್ದೆಯಾಗಿತ್ತು. "ಒಬ್ಬ ಅಜ್ಜಿ ತನ್ನ ಕುರ್ಚಿ ಮನೆಗೆ ತಗೊಂಡು ಹೋದ್ಲು."

ಅದು ಸುದ್ದಿಯಲ್ಲ ಎಂದು ಮೂರ್ತಿಗಳು ಹೇಳುತ್ತಿದ್ದರು. ನಾನು ಆ ದಿನ ಕಳಿಸಲಿಲ್ಲ. ಆ ಬಸ್ಸು ನಿಂತು ಬಹಳ ಕಾಲವಾಯಿತು. ಈಗ ಯಾರ ಕೆಲಸಕ್ಕೂ ತೊಂದರೆಯಿಲ್ಲ, ಆದ್ದರಿಂದ ಬರೆದಿದ್ದೇನೆ. ಕುರ್ಚಿ ಶೈಲಜಾಳದು. ಅದೊಂದು ಕಲಾಕೃತಿಯಾಗಿತ್ತು.